ನಾಯಿಕೊಡೆ ಎದ್ದ ಹುತ್ತ

ಮಹಾರಾಜರ ಕಾಲದ ಮಾತು. ಕೊಳಾಲಕ್ಕೆ ಸೊಸೆಯಾಗಿ ಬಂದ ವರ್ಷ, ನಾಗರಪಂಚಮಿಯಂದು ಅತ್ತೆಯ ಜೊತೆ ಹೊಲದ ಹುತ್ತಕ್ಕೆ ಹಾಲೆರೆದೆ. ಹುತ್ತದ ಮಣ್ಣನ್ನು ಇಬ್ಬರೂ ಹಣೆಗಿಟ್ಟುಕೊಂಡೆವು. ನಾವು ಸರಿದದ್ದೇ ತಡ, ಕಾದು ನಿಂತಿದ್ದ ಪಕ್ಕದ ಹೊಲದ ಹೆಂಗಸು ಅದೇ ಹುತ್ತದ ಬುಡದ ಅಣಬೆಗಳನ್ನು ಕಿತ್ತು ಮಡಿಲಿಗೆ ಹಾಕಿಕೊಂಡಳು. ಹಾಲು ಸೋರುತ್ತಿದ್ದ, ಹುಳ ಹತ್ತಿದ ಆ ಬಿಳಿ ಕಾಂಡಗಳನ್ನು ಕಂಡು ನಾನು ಸೆರಗನ್ನು ಮೂಗಿಗೆ ಹಿಡಿದೆ.

ಅತ್ತೆ ಥೂ ಎಂದು ಉಗಿದರು. "ನಾಯಿ ಕಾಲೆತ್ತಿದ ಕಡೆ ಏಳೋ ಹೊಲಸು ಕಣಮ್ಮ ಅದು. ಅದಕ್ಕೇ ನಾಯಿಕೊಡೆ ಅನ್ನೋದು. ಹೆಂಗೆ ತಿಂತೀರೋ!"

ಆ ಹೆಂಗಸು ತಲೆಯೆತ್ತದೆ ಕೇಳಿದಳು: "ಅಂಗಾರೆ ಅಮ್ಮಾವ್ರೆ, ನೀವು ಹಣೆಗಿಟ್ಕಂಡಿರೋ ಮಣ್ಣು ಯಾವ ಹುತ್ತದ್ದು?"

ಅತ್ತೆ ಸೆರಗಿನಿಂದ ಹಣೆ ಉಜ್ಜುತ್ತಲೇ ನಡೆದರು. ನಾನೂ ಉಜ್ಜಿದೆ. ಮನೆ ಸೇರುವಷ್ಟರಲ್ಲಿ, ಹಬ್ಬದ ದಿನವೇ, ಇಬ್ಬರ ಹಣೆಯ ಕುಂಕುಮವೂ ಅಳಿಸಿಹೋಗಿತ್ತು.