ಪೋರಬಂದರಿಗೆ ಒಂದು ಐಸ್ ದೂರ

ಅಂಕೋಲೆಗೆ ಹೋಗಲು ಕಾರವಾರದಲ್ಲಿ ಬಸ್ಸು ಹತ್ತಿದ್ದೆ. ಪಕ್ಕದಲ್ಲಿ ಕೂತ ಮೀನು ಮಾರುವ ಅಕ್ಕನ ಮಗಳು ಗುಜರಾತಿನ ಪೋರಬಂದರಿನಲ್ಲಿ ಬಾಣಂತಿಯಂತೆ. ಅವಳಿಗೆ ಹಸಿ ನೊಗ್ಲಿ ಮೀನು ಕಳಿಸಬೇಕಂತೆ.

“ತಮಾ, ಅಲ್ಲಿಗೆ ವಿಮಾನಕ್ಕೆ ಎಷ್ಟು ಹೊತ್ತು?”

ಮೊಬೈಲ್ ನೋಡಿ ದೊಡ್ಡ ಜಾಣನಂತೆ ಹೇಳಿದೆ: “ಕಾರವಾರದಿಂದ ಒಂದೂವರೆ ತಾಸು.”

“ಅಷ್ಟೇಯಾ? ಹಂಗಾರೆ ಒಂದೇ ಸಲ ಐಸ್ ಹಾಕಿದ್ರೆ ಸಾಕು.” ಯಾವ ಊರಿಗಾದರೂ ಅವಳದು ಐಸಿನದೇ ಲೆಕ್ಕ. “ಕಾರವಾರದಲ್ಲಿ ವಿಮಾನ ಎಲ್ಲಿ ನಿಲ್ತದೆ?”

ಕಾರವಾರದಲ್ಲಿ ವಿಮಾನ ನಿಲ್ದಾಣವೇ ಇಲ್ಲ ಎಂದು ಮೊಬೈಲ್ ಹೇಳಿರಲಿಲ್ಲ. ಇಲ್ಲೇ ಹುಟ್ಟಿ ಬೆಳೆದ ನನಗೂ ಹೊಳೆದಿರಲಿಲ್ಲ.

ಅಮದಳ್ಳಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಅದರಲ್ಲೇ ಕೂತು ಬೇರೆ ಬಸ್ಸಿಗೆ ಕಾಯುತ್ತಾ ಒಂದೂವರೆ ತಾಸು ಕಳೆಯಿತು. ಅಕ್ಕ ತನ್ನ ಮೀನಿನ ಪೆಟ್ಟಿಗೆಯಿಂದ ಕರಗಿದ ಐಸಿನ ನೀರು ಕಿಟಕಿಯಾಚೆ ಚೆಲ್ಲಿ, ನನ್ನ ಕಡೆ ನೋಡದೆಯೇ ಅಂದಳು:

“ಪೋರಬಂದರ್ ಬಂತು ಕಾಣ್ತದೆ, ತಮಾ. ಇಳೀತ್ಯಾ?”