ಅವ್ವನ ಕಾಲಿನ ಕೆಂಪು

ಅವ್ವನ ಕಾಲಿಗೆ ಕೆಮ್ಮಣ್ಣು ಬಳಿಸಿದವಳು ನಾನೇ. ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೆ, ಓಣಿಯಲ್ಲೆಲ್ಲ ಶಾಣ್ಯಾಕಿ ಅನ್ನಿಸಿಕೊಂಡಿದ್ದೆ. ಆ ದಿನ ಮಾತ್ರ ನನ್ನ ಬುದ್ಧಿ ಎಲ್ಲಿ ಹಾಳಾಗಿ ಹೋಗಿತ್ತೋ!

ಎಪ್ಪತ್ತರ ದಶಕದ ಕೊನೆ. ಬೆಟಗೇರಿಯ ಮನೆಯಲ್ಲಿ ಅವ್ವ, ನಾನು ಇಬ್ಬರೇ. ಅವ್ವ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯುತ್ತಿದ್ದಳು. ಅವಳ ಹಿಮ್ಮಡಿಯ ಬಿರುಕು ಕೀವುಗಟ್ಟಿ, ಒಂದೇ ದಿನದಲ್ಲಿ ಪಾದವೆಲ್ಲ ಕೆಂಪಗೆ ಬಾತುಕೊಂಡಿತು. ಜ್ವರ ಬೇರೆ. ನೆರೆಮನೆಯ ಕುಂಬಾರರ ಅಜ್ಜಿ ಬಂದು ನೋಡಿ, "ಇದು ಸರ್ಪಸುತ್ತು ಐತಿ. ಕೆಮ್ಮಣ್ಣು ಹಚ್ಚಿದ್ರ ಮುಂದ ಏರಂಗಿಲ್ಲ" ಅಂದಳು. ಸರ್ಪಸುತ್ತಿಗೆ ಕುಂಬಾರರ ಕೈಯಿಂದ ಕೆಮ್ಮಣ್ಣು ಹಚ್ಚಿಸುವುದು ನಮ್ಮಲ್ಲಿ ರೂಢಿ. ನಾನೂ ಹೂಂ ಅಂದೆ. ಅಜ್ಜಿ ಮೊಳಕಾಲಿನ ತನಕ ದಪ್ಪಗೆ ಬಳಿದಳು. ಆ ಮಣ್ಣಿನ ಕೆಂಪಿನ ಕೆಳಗೆ ಕಾಲಿನ ಕೆಂಪು ಏರುತ್ತಿದ್ದದ್ದು ಎರಡು ದಿನ ನಮಗೆ ಕಾಣಲೇ ಇಲ್ಲ.

ಮೂರನೇ ದಿನ ಅವ್ವ ಬಡಬಡಿಸತೊಡಗಿದಳು. ಟಾಂಗಾದಲ್ಲಿ ಹಾಕಿಕೊಂಡು ಗದಗಿನ ಡಾಕ್ಟರರ ದವಾಖಾನೆಗೆ ಒಯ್ದೆ. ಅವರು ಮಣ್ಣು ತೊಳೆಸಿದರು. ಕೆಂಪು ಮೊಳಕಾಲು ದಾಟಿತ್ತು. ಪೆನಿಸಿಲಿನ್ ಚುಚ್ಚಿ, ಕೆಂಪು ಮುಗಿಯುವಲ್ಲಿ ನೀಲಿ ಶಾಯಿಯಿಂದ ಗೆರೆ ಎಳೆದರು.

"ಈ ಗೆರಿ ನೋಡ್ಕೋತ ಕುಂಡ್ರವಾ. ಇದನ್ನ ದಾಟಿ ಏರಾಕ ಹತ್ತಿದ್ರ ಜೀವಕ್ಕ ಧೋಕಾ ಐತಿ."

"ಈ ಕೆಂಪು ಏನ್ರಿ, ವಿಷಾ ಏನ್ರಿ?" ಅಂತ ಕೇಳಿದೆ.

"ಅಲ್ಲವಾ, ನಿಮ್ಮವ್ವನ ಮೈ ಮಾಡೂ ಜಗಳ ಅದು" ಅಂದರು. ಬಿರುಕಿನಿಂದ ಹೊಕ್ಕ ಬ್ಯಾಕ್ಟೀರಿಯಾಗಳು ಕಿಣ್ವಗಳನ್ನು ಉಗುಳುತ್ತವಂತೆ. ಆ ಕಿಣ್ವಗಳು ಮಾಂಸದೊಳಗಿನ ಅಂಟನ್ನು ಕರಗಿಸಿ ದಾರಿ ಮಾಡುತ್ತವೆ. ರಕ್ತನಾಳದ ಒಳಮೈಗೆ ಇರುವುದು ಜೀವಕೋಶಗಳ ಒಂದೇ ಒಂದು ಪದರ. ಅವಕ್ಕೆ ಕಣ್ಣಿಲ್ಲ, ಕಿವಿಯಿಲ್ಲ. ಆದರೂ ಈ ಹಾವಳಿ ತಾಗಿದ್ದೇ ತಡ ಎಚ್ಚರಾಗಿ, ತಮ್ಮ ನಡುವೆ ಸಂದು ಬಿಟ್ಟು, ಹರಿದು ಹೋಗುವ ಬಿಳಿಯ ರಕ್ತಕಣಗಳನ್ನು ತಡೆದು ನಿಲ್ಲಿಸಿ ಹೊರಗೆ ಕಳಿಸುತ್ತವೆ. ಬಾವು, ಬಿಸಿ, ಕೆಂಪು ಎಲ್ಲ ಅದರಿಂದಲೇ. ಜಗಳ ಮಿತಿ ಮೀರಿದರೆ ಅದೂ ಅಪಾಯವೇ.

ಅಬ್ಬಬ್ಬಾ! ಕಾಲೇಜಿನಲ್ಲಿ ಕಪ್ಪೆಯ ಕಾಲಿನ ಪೊರೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ರಕ್ತಕಣಗಳ ಓಟ ನೋಡಿದ್ದೆ, ಚಿತ್ರ ಬರೆದು ಮಾರ್ಕ್ಸೂ ಗಿಟ್ಟಿಸಿದ್ದೆ. ಅದೇ ಓಟ ಅವ್ವನ ಕಾಲಲ್ಲೂ ಇದೆ ಅಂತ ಒಮ್ಮೆಯಾದರೂ ಅನ್ನಿಸಿರಲಿಲ್ಲ. ಕಾಲೊಳಗೆ ಅಷ್ಟು ದೊಡ್ಡ ಗದ್ದಲ ನಡೆದಿದ್ದರೂ ಹೊರಗೆ ಒಂದು ಸಪ್ಪಳವಿಲ್ಲ. ಕೈ ಇಟ್ಟರೆ ಕಾವು ಅಷ್ಟೇ.

ಸಂಜೆಗೆ ಕೆಂಪು ಆ ನೀಲಿ ಗೆರೆಯನ್ನು ಒಂದು ಬೆರಳಿನಷ್ಟು ದಾಟಿತು. ನಾನು ಗಟ್ಟಿಯಾಗಿ ಅತ್ತುಬಿಟ್ಟೆ. ಡಾಕ್ಟರರು ಇನ್ನೊಂದು ಗೆರೆ ಎಳೆದು, ಮತ್ತೆ ಚುಚ್ಚಿದರು. ಮರುದಿನ ಕೆಂಪು ಅಲ್ಲೇ ನಿಂತಿತು. ಅದರ ಮರುದಿನ ಮೊದಲ ಗೆರೆಗಿಂತ ಕೆಳಗಿಳಿಯಿತು. ಅವ್ವ ಕಣ್ಣು ಬಿಟ್ಟು ಚಹಾ ಕೇಳಿದಳು.

ಹತ್ತಿಯಿಂದ ಹಿಮ್ಮಡಿಯ ಕೀವು ಒರೆಸುತ್ತಾ ಅವಳಿಗೆ ಎಲ್ಲವನ್ನೂ ಹೇಳಿದೆ. ಈ ಕೀವೆಂದರೆ ಕಾದಾಡಿ ಸತ್ತ ಆ ಬಿಳಿಯ ಕಣಗಳೇ ಅಂದೆ. ನಾತಕ್ಕೆ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದೆ.

ಅವ್ವ ನನ್ನ ಕೈಯಲ್ಲಿನ ಹತ್ತಿಯನ್ನು ನೋಡಿದಳು.

"ಮೂಗು ಮುಚ್ಚಬ್ಯಾಡಲೇ," ಅಂದಳು. "ನನ್ನ ಸಲುವಾಗಿ ಸತ್ತಾವು ಅವು."

ನಾನು ಸೆರಗು ಇಳಿಸಿದೆ.