ಕುಕ್ಕುವಾಡದ ಮದುವೆ ಮಂಚ

ಮೊನ್ನೆ ಮನೆಯಲ್ಲಿ ಮಂಚಕ್ಕೆ ಪಾಲಿಶ್ ಹೊಡೆಸಿದೆ. ಕಿಟಕಿ ಬಾಗಿಲು ತೆರೆದಿಟ್ಟರೂ ಆ ಘಾಟು ವಾಸನೆ ಇನ್ನೂ ಹೋಗಿಲ್ಲ. ಪಾಲಿಶಿನವನು ತಲೆದಿಕ್ಕಿನ ಹಲಗೆ ಸವರುತ್ತಾ, “ಇಲ್ಲೊಂದು ಮೊಳೆ ಹೊಡ್ದಿದ್ ತೂತೈತ್ರಿ, ಮುಚ್ಚಲೇನು?” ಎಂದು ಕೇಳಿದ. ಮುಚ್ಚಪ್ಪಾ ಎಂದೆ. ಅಷ್ಟು ಹೇಳುವಷ್ಟರಲ್ಲಿ ಹರಿಹರದ ಆ ಹಳೇ ಸಾಮಾನಿನ ಅಂಗಡಿಯವನು ನೆನಪಾಗಿ ಮೈಯೆಲ್ಲ ಉರಿಯಿತು.

ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕಂತೆ. ಬರೆಯುವವರು ಬರೆದುಕೊಳ್ಳಲಿ. ನಾನು ಕಂಡ ಸುಳ್ಳರಲ್ಲಿ ಆತನನ್ನು ಮೀರಿಸುವವರು ಇನ್ನೂ ಹುಟ್ಟಿಲ್ಲ. ಆತನನ್ನು ಅವರು, ಇವರು ಎಂದು ಕರೆಯುವ ಮನಸ್ಸು ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ದಾವಣಗೆರೆಯ ಒಂದು ನರ್ಸಿಂಗ್ ಹೋಮಿನಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ಸಿಕ್ಕಿತೆಂದು ಸಿರುಗುಪ್ಪ ಬಿಟ್ಟು ಬಂದಿದ್ದೆ. ದೇವರಾಜ ಅರಸು ಬಡಾವಣೆಯಲ್ಲಿ ಮಹಡಿಯ ಮೇಲೆ ಎರಡು ಕೋಣೆಯ ಬಾಡಿಗೆ ಮನೆ. ಒಳಗೆ ಒಂದು ಸ್ಟೌ, ಒಂದು ಬಕೆಟ್ಟು, ಒಂದು ಚಾಪೆ. ಮಾತಾಡಿದರೆ ಗೋಡೆಗಳು ತಿರುಗಿ ಮಾತಾಡುತ್ತಿದ್ದವು. ನನಗೆ ಅದರಿಂದ ಬೇಸರವಿರಲಿಲ್ಲ. ಬೇಸರವಿದ್ದದ್ದು ಅವ್ವನನ್ನು ಕರೆಸಿಕೊಳ್ಳಲಾಗದ್ದಕ್ಕೆ.

ಅವ್ವ ಆಗ ಅಣ್ಣನ ಮನೆಯಲ್ಲಿದ್ದಳು. ಆ ಮನೆಯಲ್ಲಿ ಮೂರು ಮಂಚಗಳಿದ್ದವು. ಒಂದರ ಮೇಲೆ ಅಣ್ಣ ಅತ್ತಿಗೆ, ಒಂದರ ಮೇಲೆ ಮಕ್ಕಳು, ಇನ್ನೊಂದರ ಮೇಲೆ ಇಸ್ತ್ರಿಗೆ ಹೋಗಬೇಕಾದ ಬಟ್ಟೆ ಮಲಗುತ್ತಿದ್ದವು. ಅವ್ವ ನಡುಮನೆಯಲ್ಲಿ ನೆಲದ ಮೇಲೆ. ಮೊಣಕಾಲು ನೋವಿನ ಹೆಂಗಸು, ಬೆಳಿಗ್ಗೆ ಏಳಲು ಗೋಡೆ ಹಿಡಿದು ಒದ್ದಾಡುತ್ತಿದ್ದಳು. ಅಣ್ಣ ಅದನ್ನು ನೋಡುತ್ತಲೇ ಪೇಪರ್ ಓದುತ್ತಿದ್ದ. ಒಂದು ಮಂಚ ತಂದ ದಿನವೇ ನಿನ್ನನ್ನು ಕರೆದುಕೊಂಡು ಬರುತ್ತೇನೆ ಎಂದು ಅವ್ವನಿಗೆ ಮಾತು ಕೊಟ್ಟು ಬಂದಿದ್ದೆ.

ದಾವಣಗೆರೆಯ ಫರ್ನಿಚರ್ ಶೋರೂಮುಗಳಿಗೂ ಹೋಗಿ ಬಂದೆ. ಅಲ್ಲಿಯ ಹುಡುಗರು ಮೊದಲು ನನ್ನ ಚಪ್ಪಲಿ ನೋಡಿದರು, ಆಮೇಲೆ ಮುಖ. ಕಂತಿನಲ್ಲಿ ಕೊಡುತ್ತೇವೆ ಮೇಡಂ ಎಂದರು. ಮಂಚ ಮುರಿದು ಬಿದ್ದ ಮೇಲೂ ಮುಗಿಯದ ಕಂತು! ಕೊನೆಗೆ ನರ್ಸಿಂಗ್ ಹೋಮಿನ ಆಯಾ ಹರಿಹರದ ಅಂಗಡಿಯ ಗುರುತು ಹೇಳಿದಳು. ಹಳೆಯದು ತಗೊಳ್ಳಲು ನನ್ನದೇನೂ ತಕರಾರಿರಲಿಲ್ಲ. ಆದರೆ ಅವ್ವ ಫೋನಿನಲ್ಲಿ ಒಂದೇ ಮಾತು ಹೇಳಿದ್ದಳು: “ಯಾರರ ಜೀವ ಬಿಟ್ಟ ಮಂಚ ತರಬ್ಯಾಡವ್ವ. ಅದರ ಮ್ಯಾಲ ನಾ ಮಲಗಾಕಿ ಅಲ್ಲ.”

ನಮ್ಮ ಕಡೆ ಸತ್ತವರ ಹಾಸಿಗೆ ದಿಂಬನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಮಂಚವನ್ನೂ ಬಹಳ ಜನ ಕೊಟ್ಟುಬಿಡುತ್ತಾರೆ. ಹಾಗೆ ಕೊಟ್ಟದ್ದೆಲ್ಲ ಎಲ್ಲಿಗೆ ಹೋಗುತ್ತದೆ ಎಂಬುದು ಹರಿಹರದ ಆ ಅಂಗಡಿಗೆ ಕಾಲಿಟ್ಟ ಮೇಲೆ ಗೊತ್ತಾಯಿತು.

ರೈಲ್ವೆ ಸ್ಟೇಷನ್ನಿನ ಹತ್ತಿರ ತಗಡಿನ ಶೆಡ್ಡು. ಒಂದರ ಮೇಲೊಂದು ಮಂಚ, ಬೀರು, ಕಾಲು ಮುರಿದ ಟೀಪಾಯಿ. ನಡುವೆ ಒಂದು ಮಂಚದ ಮೇಲೆ, ತೋಳು ತಲೆಗಿಟ್ಟುಕೊಂಡು, ಹಣೆ ತುಂಬಾ ವಿಭೂತಿ ಬಳಿದುಕೊಂಡು ಆತ ಮಲಗಿದ್ದ. ಎದ್ದು ಕೂರುವ ಮೊದಲೇ ಸುಳ್ಳು ಶುರುವಾಯಿತು.

“ಬರ್ರಿ ಅಕ್ಕಾರೆ, ಕೂಡ್ರಿ. ಆ ಬೀರು ನೋಡ್ರಿ, ಜಡ್ಜ್ ಮನೇದು. ಆ ಕುರ್ಚಿ ಡಾಕ್ಟ್ರ ಮನೇದು.”

ಆತನ ಮಾತು ನಂಬಿದರೆ ಹರಿಹರದ ಜಡ್ಜುಗಳೂ ಡಾಕ್ಟರುಗಳೂ ಮನೆ ಖಾಲಿ ಮಾಡಿಕೊಂಡು ನೆಲದ ಮೇಲೆ ಕೂತಿರಬೇಕು. ಇನ್ನು ಮಂಚಗಳು? ಎಲ್ಲವೂ ಮದುವೆ ಮಂಚಗಳೇ. ಆ ಊರಿನಲ್ಲಿ ಯಾರೂ ಸಾಯುವುದೇ ಇಲ್ಲ, ಬರೀ ಮದುವೆಯಾಗುತ್ತಾರೆ ಎನ್ನಬೇಕು, ಹಾಗಿತ್ತು ಆತನ ವರಸೆ. ನಾನು ನೇರವಾಗಿಯೇ ಕೇಳಿದೆ. ಆತ ಗಂಟಲು ಮುಟ್ಟಿಕೊಂಡ. “ಹರಿಹರೇಶ್ವರನ ಆಣೆ ಅಕ್ಕಾರೆ. ಸತ್ತೋರ್ ಮಂಚ ನಾವು ಅಂಗಡಿ ಒಳಗೇ ಬಿಟ್ಕಳಲ್ಲ.”

ಕಪ್ಪು ಬಣ್ಣದ ಒಂದು ಗಟ್ಟಿ ಮಂಚ ತಗೊಂಡೆ. ಲಗೇಜ್ ಆಟೋದಲ್ಲಿ ಬಂತು. ಮೆಟ್ಟಿಲು ಹತ್ತಿಸುವಾಗ ಗೋಡೆಗೆ ತಾಗಿ ಒಂದು ಕಾಲಿನ ಚಕ್ಕೆ ಹಾರಿತು. ಮರುವಾರ ಅವ್ವನನ್ನು ಕರೆದುಕೊಂಡು ಬಂದೆ. ಅವ್ವ ಚೀಲ ಕೆಳಗಿಡದೆ ಮಂಚದ ಸುತ್ತ ಒಂದು ಸುತ್ತು ಬಂದಳು. ತಲೆದಿಕ್ಕಿನ ಹಲಗೆಯ ಹಿಂದೆ ಕೈಯಾಡಿಸಿ ನಿಂತಳು. ಅಲ್ಲಿ ಒಂದು ಮೊಳೆ. ಮೊಳೆಗೆ ಬ್ಯಾಂಡೇಜ್ ಬಟ್ಟೆಯ ಒಂದು ಚೂರು ಗಂಟು ಹಾಕಿಕೊಂಡು ಇನ್ನೂ ನೇತಾಡುತ್ತಿತ್ತು.

“ಸಲೈನ್ ಕಟ್ಟ್ಯಾರ,” ಎಂದಳು ಅವ್ವ. ಅಷ್ಟೇ. ಮಂಚದ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಲಗಿದಳು. ಬೆಳಿಗ್ಗೆ ಆ ಮಂಚವನ್ನೇ ಹಿಡಿದುಕೊಂಡು ನರಳುತ್ತಾ ಎದ್ದಳು. “ನಿನಗ ಯಾಕವ್ವ ತ್ರಾಸು, ನಾ ಅಣ್ಣನ ಮನಿಗೇ ಹೋಗತೀನಿ,” ಎಂದಾಗ ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಹರಿಹರಕ್ಕೆ ಹೋಗಿ ಬಾಯಿಗೆ ಬಂದಂತೆ ಬೈದೆ. ಆತ ಕಣ್ಣು ಕೂಡ ಪಿಳುಕಿಸಲಿಲ್ಲ. “ಸಲೈನ್ ಹಾಕಿಸ್ಕಂಡೋರೆಲ್ಲ ಸಾಯ್ತಾರೇನ್ರಿ ಅಕ್ಕಾರೆ? ನೀವೇ ಆಸ್ಪತ್ರೆಯಾಗೆ ಇರೋರು!” ಎಂದ. ನಾನು ಬಿಡಲಿಲ್ಲ. ಕೊನೆಗೆ ಮಂಚ ವಾಪಸ್ ತಗೊಂಡು ಬೇರೆ ಕೊಡುತ್ತೇನೆಂದು ಒಪ್ಪಿಕೊಂಡು, ಮರುದಿನವೇ ಆಟೋ ಕಳಿಸಿ ಅದನ್ನು ಒಯ್ಯಿಸಿದ.

ನಾಲ್ಕೈದು ದಿನ ಬಿಟ್ಟು ಆತನೇ ಆಟೋದಲ್ಲಿ ಕೂತು ಬಂದ. ಕೆಂಪಗೆ ಹೊಳೆಯುವ ಮಂಚ, ತಲೆದಿಕ್ಕಿನಲ್ಲಿ ಎರಡು ಮರದ ಗಿಳಿ, ಮನೆ ತುಂಬಾ ಪಾಲಿಶ್ ವಾಸನೆ. ನನ್ನ ಕಡೆ ತಿರುಗಿಯೂ ನೋಡದೆ ಅವ್ವನ ಎದುರು ನೆಲದ ಮೇಲೆ ಕೂತ.

“ಅವ್ವಾರೆ, ಇದು ಕುಕ್ಕುವಾಡದ್ ಮದ್ವೆ ಮಂಚ. ಹುಡುಗೀಗೆ ಅವ್ರಪ್ಪ ಮಾಡ್ಸಿದ್ದು. ಗಂಡಿನ್ ಮನೇಲಿ ಜಾಗ ಸಾಲ್ಲಿಲ್ಲ, ನಮ್ಗೆ ಕೊಟ್ರು.”

ಅವ್ವ ಬಲು ಹುಷಾರಿನ ಹೆಂಗಸು. ಬಿಟ್ಟೂ ಬಿಡದೆ ಕೇಳಿದಳು. ಮದುವೆ ಎಲ್ಲಾಯಿತು, ಊಟಕ್ಕೆ ಏನಿತ್ತು, ಹುಡುಗಿ ಯಾವ ಬಣ್ಣದ ಸೀರೆ ಉಟ್ಟಿದ್ದಳು... ಆತ ಎಲ್ಲಕ್ಕೂ ಉತ್ತರ ಕೊಟ್ಟ. ಮನೆ ಮುಂದೆಯೇ ಚಪ್ಪರ, ಕಡಲೆಬೇಳೆ ಹೋಳಿಗೆ, ಗಿಳಿ ಹಸಿರು ಸೀರೆ.

“ಮಕ್ಕಳಾದುವೇನಪ್ಪ ಆಕಿಗೆ?”

“ಹ್ಞೂಂ ರೀ ಅವ್ವಾರೆ. ಅವಳಿ ಜವಳಿ. ಒಂದು ಗಂಡು, ಒಂದು ಹೆಣ್ಣು.”

ಅವ್ವನ ಮುಖ ಅರಳಿತು. ಮಂಚದ ಮೇಲೆ ಕೂತಳು. ಮೊದಲು ಒಂದು ಕಾಲು, ಆಮೇಲೆ ಇನ್ನೊಂದು, ಕೈಯಿಂದ ಎತ್ತಿ ಮೇಲಿಟ್ಟುಕೊಂಡಳು. ಎಷ್ಟೋ ವರ್ಷಗಳ ನಂತರ ನೆಲ ಬಿಟ್ಟು ಮಲಗಿದಳು.

ಸಂಜೆ ಮಂಚ ಒರೆಸುವಾಗ ನೋಡಿದೆ. ಒಂದು ಕಾಲಿನ ಚಕ್ಕೆ ಹಾರಿತ್ತು. ಬಗ್ಗಿ ಹಲಗೆಯ ಹಿಂದೆ ಕೈಯಾಡಿಸಿದೆ. ಮೇಣ ತುಂಬಿ ಮುಚ್ಚಿದ ಒಂದು ತೂತು. ಅದೇ ಮಂಚ! ಬಣ್ಣ ಬಳಿದು, ಇನ್ಯಾವುದೋ ಮಂಚದಿಂದ ಕಿತ್ತ ಗಿಳಿ ಜಡಿದು, ಅದನ್ನೇ ತಿರುಗಿ ತಂದಿದ್ದ. ಅವ್ವ ಅದರ ಮೇಲೆ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಳು. ಹೇಳಿದರೆ ನಾಳೆಯೇ ಸಿರುಗುಪ್ಪದ ಬಸ್ಸು ಹತ್ತುತ್ತಾಳೆ. ಆತನಿಗೂ ಅದು ಗೊತ್ತಿತ್ತು, ಅದಕ್ಕೇ ಅವ್ವನ ಎದುರು ಕೂತಿದ್ದು. ನನ್ನ ಬಾಯಿಗೆ ಬೀಗ ಹಾಕಿ ಹೋಗಿದ್ದ ಖದೀಮ.

ಅಲ್ಲಿಗಾದರೂ ಮುಗಿಯಿತೇ? ಹರಿಹರೇಶ್ವರನ ದರ್ಶನಕ್ಕೆ ಹೋದಾಗೆಲ್ಲ ಅವ್ವ ಅಂಗಡಿಗೆ ಹೋಗೋಣವೆಂದು ಹಟ ಹಿಡಿಯುತ್ತಿದ್ದಳು. ಕುಕ್ಕುವಾಡದ ಹುಡುಗಿ ಹೇಗಿದ್ದಾಳೆ, ಮಕ್ಕಳಿಗೆ ಹಲ್ಲು ಬಂತೇ? ಆತ ಆ ಇಲ್ಲದ ಮಕ್ಕಳನ್ನು ವರ್ಷ ವರ್ಷ ಬೆಳೆಸಿದ. ಹಲ್ಲು ಬರಿಸಿದ, ಜವಳ ತೆಗೆಸಿದ, ಅಂಗನವಾಡಿಗೆ ಕಳಿಸಿದ. ಒಮ್ಮೆ ಅವ್ವ ಎರಡು ಕುಲಾವಿ ಹೆಣೆದುಕೊಂಡು ಹೋದಳು, ಒಂದು ನೀಲಿ, ಒಂದು ಕೆಂಪು. ಹುಟ್ಟದ ಮಕ್ಕಳ ತಲೆಗೆ ಕುಲಾವಿ ಈಸಿಕೊಳ್ಳುವಾಗ ಬೇರೆಯವನಾಗಿದ್ದರೆ ನಾಚಿಕೆಯಿಂದ ಸಾಯುತ್ತಿದ್ದ. ಆತ ಎರಡೂ ಕೈ ಚಾಚಿ ಈಸಿಕೊಂಡು ಕಣ್ಣಿಗೊತ್ತಿಕೊಂಡ. ಮುಂದಿನ ಸಲ ಹೋದಾಗ ಅವು ಅಂಗಡಿಯ ಒಂದು ಹಳೇ ತೊಟ್ಟಿಲಿಗೆ ನೇತಾಡುತ್ತಿದ್ದವು, ತೊಟ್ಟಿಲು ಬೇಗ ಮಾರಿಹೋಗಲಿ ಎಂದು. ಅವ್ವನ ಕಣ್ಣಿಗೆ ಬೀಳುವ ಮೊದಲೇ ಅವಳನ್ನು ಎಳೆದುಕೊಂಡು ಬಂದೆ. ಇಂಥವನ ಮುಖಕ್ಕೆ ಉಗಿಯಲಾಗಲಿಲ್ಲವಲ್ಲ ಎಂಬ ಸಂಕಟ ಇವತ್ತಿಗೂ ಇದೆ.

ಮೊಣಕಾಲು ಪೂರ್ತಿ ಸೋತ ಮೇಲೆ ಅವ್ವನ ಕೊನೆಯ ಎರಡು ಮೂರು ವರ್ಷ ನಾವು ಹರಿಹರದ ಕಡೆ ಹೋಗಲೇ ಇಲ್ಲ. ಹೋದ ವರ್ಷ ಅವಳು ತೀರಿಕೊಂಡಳು... ಅದೇ ಮಂಚದ ಮೇಲೆ. ಕೊನೆಯ ವಾರ ಮನೆಯಲ್ಲೇ ಸಲೈನ್ ಹಾಕಬೇಕಾಯಿತು. ನರ್ಸಮ್ಮ ಬಾಟಲಿ ತೂಗುಹಾಕಲು ಜಾಗ ಹುಡುಕಿದರು. ನಾನೇ ಮೊಳೆ ತಂದು ಹಲಗೆಯ ಹಿಂದೆ ಇಟ್ಟೆ. ಸುತ್ತಿಗೆ ಎತ್ತಬೇಕಾಗಲೇ ಇಲ್ಲ, ಕೈಯಿಂದ ಒತ್ತಿದರೆ ಮೇಣದೊಳಗೆ ತಾನಾಗಿ ಇಳಿಯಿತು.

ಆಮೇಲೆ ಆ ಕೋಣೆಗೆ ಹೋಗುವುದೇ ಕಷ್ಟವಾಯಿತು. ಮಂಚವನ್ನು ಆತನಿಗೇ ತಿರುಗಿ ಮಾರಬೇಕು, ಈಗ ಯಾವ ಕಥೆ ಕಟ್ಟುತ್ತಾನೋ ನೋಡಬೇಕು ಎಂದು ಹರಿಹರಕ್ಕೆ ಹೋದೆ. ಶೆಡ್ಡಿನ ಜಾಗದಲ್ಲಿ ಮೊಬೈಲ್ ಅಂಗಡಿ. ಎದುರಿನ ಟೀ ಅಂಗಡಿಯವನು, “ತೀರ್ಕಂಡು ಎಲ್ಡು ವರ್ಸ ಆತ್ರಿ. ಆತ ಮಲಗ್ತಿದ್ದ ಮಂಚಾನೂ ಮಕ್ಳು ಮಾರಿದ್ರು,” ಎಂದ. ಯಾವ ಮಂಚ ಎಂದು ಹೇಳಿ ಮಾರಿರುತ್ತಾರೆ ಎಂದು ನಾನು ಕೇಳಲಿಲ್ಲ. ಆತ ಸತ್ತದ್ದಕ್ಕೆ ನನಗೆ ದುಃಖವಾಗಲಿಲ್ಲ. ಆದರೆ ಅವ್ವನ ಆ ಇಬ್ಬರು ಮೊಮ್ಮಕ್ಕಳ ಸುದ್ದಿ ಹೇಳುವವರು ಇನ್ನು ಯಾರೂ ಇಲ್ಲ ಅನ್ನಿಸಿ, ಬಸ್ಸಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಕೂತೆ.

ಇವತ್ತು ಬೆಳಿಗ್ಗೆ ಮಂಚ ನೋಡಲು ಒಂದು ಹುಡುಗಿ ಬಂದಿದ್ದಳು. ಕೆಲಸಕ್ಕೆಂದು ಹೊಸದಾಗಿ ದಾವಣಗೆರೆಗೆ ಬಂದವಳು, ಹಿಂದಿನ ಬೀದಿಯಲ್ಲೇ ಬಾಡಿಗೆ ಮನೆ ಹಿಡಿದಿದ್ದಾಳಂತೆ. ಗಿಳಿಗಳನ್ನು ಸವರಿದಳು, ಪಾಲಿಶ್ ಮೂಸಿದಳು, ಆಮೇಲೆ ತಲೆ ತಗ್ಗಿಸಿದಳು.

“ಬೇಜಾರ್ ಮಾಡ್ಕಬ್ಯಾಡ್ರಿ ಆಂಟಿ. ನಮ್ಮಜ್ಜಿ ಬರ್ತಾಳೆ, ಅವಳು ಕೇಳು ಅಂದಾಳೆ. ಇದರ ಮ್ಯಾಲೆ ಯಾರಾದ್ರೂ...”

“ಇಲ್ಲವ್ವ,” ಎಂದೆ. “ಇದು ಮದುವೆ ಮಂಚ. ಕುಕ್ಕುವಾಡದ್ದು. ಆ ಹುಡುಗಿಗೆ ಅವಳಿ ಮಕ್ಕಳು.”

“ಹೌದಾ! ಏನು ಮಕ್ಳು ಆಂಟಿ?”

ನಾನೂ ಕಣ್ಣು ಪಿಳುಕಿಸಲಿಲ್ಲ.

“ಒಂದು ಗಂಡು, ಒಂದು ಹೆಣ್ಣು.”